ನೀರನ್ನು ತಿರುಗಿಸಬಾರದು

ಫೆಬ್ರವರಿ 21

ಉಬ್ಬರ ಬೆಳಿಗ್ಗೆ 7.49ಕ್ಕೆ, 1.58 ಮೀಟರ್. ನೀರಿನ ತಾಪ 27 ಡಿಗ್ರಿ.

ಬಂದರು ಕಚೇರಿಯ ಉಬ್ಬರದ ರಿಜಿಸ್ಟರಿನಲ್ಲಿ ಕೊನೆಗೊಂದು ಷರಾ ಕಾಲಂ ಇದೆ. ಇಪ್ಪತ್ತೇಳು ವರ್ಷ ಅದರಲ್ಲಿ 'ವಿಶೇಷವೇನಿಲ್ಲ' ಎಂದು ಬರೆಯುತ್ತ ಬಂದಿದ್ದೇನೆ. ಈಗ ಬರೆಯಬೇಕಾದದ್ದು ಆ ಕಾಲಮಿನಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಹಳೆಯ ವರ್ಷದ ಖಾಲಿ ರಿಜಿಸ್ಟರ್ ಒಂದನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದೆ. ಕಚೇರಿಯ ಸ್ವತ್ತನ್ನು ಮನೆಗೆ ತಂದದ್ದು ಇದೇ ಮೊದಲು.

ಮೈದುನ ಹೋಗಿ ಇವತ್ತಿಗೆ ಒಂಬತ್ತು ದಿನ. ಕಚೇರಿಯ ಕಾಗದದಲ್ಲಿ 'ಕಾಣೆಯಾಗಿದ್ದಾರೆ' ಎಂದೇ ಇದೆ, ದೇಹ ಸಿಕ್ಕಿಲ್ಲವಲ್ಲ. ಬೋಯಾ ದೋಣಿಯಲ್ಲಿ ಅವನಿಗೆ ಕೆಲಸ. ಹಡಗುಗಳಿಗೆ ದಾರಿ ತೋರಿಸಲು ಸರಪಳಿ ಕಟ್ಟಿ ತೇಲಿಬಿಟ್ಟ ದೊಡ್ಡ ಡಬ್ಬಗಳಿರುತ್ತವೆ, ಅವುಗಳ ಪಾಚಿ ಕೆರೆಯುವುದು, ದೀಪ ಬದಲಾಯಿಸುವುದು. ಹನ್ನೆರಡನೇ ತಾರೀಖು ಮಧ್ಯಾಹ್ನ ಎರಡು ಹತ್ತರ ಸುಮಾರಿಗೆ ಕೊನೆಯ ಬೋಯಾದ ಹತ್ತಿರ ನೀರಿಗೆ ಬಿದ್ದ. ಎಂಜಿನ್ ಸದ್ದಿನಲ್ಲಿ ದೋಣಿಯವರಿಗೆ ನಲವತ್ತು ನಿಮಿಷ ಗೊತ್ತೇ ಆಗಲಿಲ್ಲ.

ನನಗೆ ಇನ್ನೂ ಅಳು ಬಂದಿಲ್ಲ. ಬರುತ್ತದೇನೋ ಎಂದು ನಿನ್ನೆ ಸ್ವಲ್ಪ ಹೊತ್ತು ಬಚ್ಚಲಿನ ಬಾಗಿಲು ಹಾಕಿಕೊಂಡು ನಿಂತಿದ್ದೆ. ಬರಲಿಲ್ಲ. ಬಕೆಟ್ ತೊಳೆದಿಟ್ಟು ಬಂದೆ.

ಫೆಬ್ರವರಿ 24

ಉಬ್ಬರ 10.21, 1.66 ಮೀ. ತಾಪ 27.

ಇದನ್ನು ಎಲ್ಲಾದರೂ ಒಂದು ಕಡೆ ಬರೆದಿಡಬೇಕು.

ಯಾರಾದರೂ ನೀರಿಗೆ ಬಿದ್ದ ಸುದ್ದಿ ಬಂದರೆ, ಹುಡುಕುವ ದೋಣಿಗಳು ಯಾವ ಕಡೆ ಹೋಗಬೇಕೆಂಬ ಮೊದಲ ಗೆರೆಯನ್ನು ನಮ್ಮ ಕಚೇರಿಯಲ್ಲಿ ಕೈಯಿಂದಲೇ ಎಳೆಯುತ್ತೇವೆ. ಕೇಂದ್ರದ ಕಂಪ್ಯೂಟರಿನಿಂದ ಲೆಕ್ಕ ಬರುವುದಕ್ಕೆ ಮೂರು ನಾಲ್ಕು ಗಂಟೆ ಹಿಡಿಯುತ್ತದೆ, ಅಷ್ಟು ಹೊತ್ತು ಕಾಯುವಂತಿಲ್ಲ. ನಕ್ಷೆಯ ಮೇಲೆ ಬಿದ್ದ ಜಾಗಕ್ಕೆ ಚುಕ್ಕೆಯಿಟ್ಟು, ಗಾಳಿಗೊಂದು ಬಾಣ, ನೀರಿಗೊಂದು ಬಾಣ ಎಳೆದು ಕೂಡಿಸಿದರೆ ಮನುಷ್ಯ ತೇಲಿಹೋಗುವ ದಿಕ್ಕು ಸಿಗುತ್ತದೆ. ಇಂಥ ಗೆರೆ ಇದುವರೆಗೆ ನಲವತ್ತಕ್ಕೂ ಹೆಚ್ಚು ಎಳೆದಿದ್ದೇನೆ.

ಗಾಳಿಯ ಯಂತ್ರ ಕೊಡುವ ಅಂಕಿ, ಗಾಳಿ ಎಲ್ಲಿಂದ ಬರುತ್ತಿದೆ ಎಂಬುದರದು. ಬಾಣ ಎಳೆಯುವಾಗ ಅದನ್ನು ತಿರುಗಿಸಬೇಕು. ನೀರಿನ ಯಂತ್ರ ಕೊಡುವ ಅಂಕಿ, ನೀರು ಎಲ್ಲಿಗೆ ಹೋಗುತ್ತಿದೆ ಎಂಬುದರದು. ಅದನ್ನು ತಿರುಗಿಸಬಾರದು. ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿಸುವ ಪಾಠ ಇದು. ನಾನೇ ಹನ್ನೊಂದು ಜನಕ್ಕೆ ಕಲಿಸಿದ್ದೇನೆ.

ಅವತ್ತು ಫೋನಿನಲ್ಲಿ ಬಿದ್ದವನ ಹೆಸರು ಹೇಳಿದರು. ನಾನು ಗಾಳಿಯನ್ನು ತಿರುಗಿಸಿದೆ. ಅದೇ ಕೈಯಲ್ಲಿ ನೀರನ್ನೂ ತಿರುಗಿಸಿದೆ. ನೀರು ದಕ್ಷಿಣಕ್ಕೆ, ಉಪ್ಪಿನ ಗದ್ದೆಗಳ ಕಡೆ ಹರಿಯುತ್ತಿತ್ತು. ನನ್ನ ಬಾಣ ಉತ್ತರಕ್ಕೆ, ದೀಪಸ್ತಂಭದ ಕಡೆ ಹೋಗಿ ನಿಂತಿತು. ಎರಡು ದೋಣಿಗಳು ದೀಪಸ್ತಂಭದ ಕಡೆ ಹೋದವು.

ಸಂಜೆ ಏಳಕ್ಕೆ ಕೇಂದ್ರದ ಲೆಕ್ಕ ಬಂತು. ದಕ್ಷಿಣ ಎಂದಿತ್ತು. ಆಗಲೇ ಕತ್ತಲಾಗಿತ್ತು. ದೊಡ್ಡ ಸಾಹೇಬರು, "ಇದೇನಮ್ಮ ಹೀಗಿದೆ?" ಎಂದರು. "ನಡುವೆ ಇಳಿತ ಶುರುವಾಯ್ತಲ್ಲ ಸಾರ್, ಹರಿವು ತಿರುಗಿದೆ," ಎಂದೆ. ಅವರು ತಲೆಯಾಡಿಸಿದರು. ವರದಿಯಲ್ಲೂ ಅದನ್ನೇ ಬರೆದೆ. ನಿಜವಾಗಿ ಇಳಿತ ಶುರುವಾದದ್ದು ಅವನು ಬೀಳುವುದಕ್ಕೆ ಒಂದೂವರೆ ಗಂಟೆ ಮೊದಲು. ರಿಜಿಸ್ಟರ್ ತೆರೆದು ನೋಡಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಉಬ್ಬರದ ರಿಜಿಸ್ಟರನ್ನು ನನ್ನ ಹೊರತು ಯಾರೂ ತೆರೆಯುವುದಿಲ್ಲ.

ಫೆಬ್ರವರಿ 25

ಉಬ್ಬರ 11.12, 1.71 ಮೀ.

ವಿಶೇಷವೇನಿಲ್ಲ.

ಮಾರ್ಚ್ 2

ಉಬ್ಬರ 3.24, 1.49 ಮೀ. ತಾಪ 27.

ವಾರಗಿತ್ತಿ ಇವತ್ತು ಹೊಲಿಗೆ ಯಂತ್ರದ ಮುಸುಕು ತೆಗೆದಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ದೋಣಿಗಳಿಗೆ ಹೊದಿಸುವ ಟಾರ್ಪಾಲು, ಕಾರ್ಖಾನೆಯವರ ಸಮವಸ್ತ್ರ ಹೊಲಿಯುತ್ತಾಳೆ. ಮದುವೆಯಾಗಿ ಬಂದು ಹದಿನಾಲ್ಕು ವರ್ಷವಾದರೂ ಒಂದು ದಿನ ನನಗೆ ಎದುರು ಮಾತಾಡಿದವಳಲ್ಲ. ನಾನೇ ಆಗಾಗ ಕೊಂಕು ಆಡಿದ್ದೇನೆ. ಅವಳು ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿದ್ದಾಳೆ.

ಕಾಫಿ ಕೊಡಲು ಹೋದಾಗ ಕೇಳಿದಳು: "ಅಕ್ಕ, ನೀರು ಒಂದೇ ಸಮ ದಡಕ್ಕೆ ಬರ್ತಾನೇ ಇರುತ್ತಲ್ಲ. ಹಾಗಾದ್ರೆ ಅವರು ಯಾಕೆ ದಡಕ್ಕೆ ಬರಲಿಲ್ಲ?"

ಇವಳಿಗೆ ಇಷ್ಟೂ ಗೊತ್ತಿಲ್ಲವೇ ಎನ್ನಿಸಿತು. ಆಮೇಲೆ, ಯಾರು ತಾನೇ ಹೇಳಿಕೊಟ್ಟಿದ್ದರು ಎನ್ನಿಸಿತು. ಟಾರ್ಪಾಲಿನ ಒಂದು ತುದಿ ಅವಳ ಕೈಗೆ ಕೊಟ್ಟು, ಇನ್ನೊಂದು ತುದಿ ನಾನು ಹಿಡಿದು ಕೊಡವಿದೆ. ಅಲೆ ನನ್ನಿಂದ ಅವಳವರೆಗೆ ಓಡಿತು.

"ಈಗ ಬಟ್ಟೆ ನಿನ್ನ ಹತ್ತಿರ ಬಂತಾ?"

"ಇಲ್ಲ. ಅದು ನಮ್ಮ ಕೈಯಲ್ಲೇ ಇದೆ."

"ಅಲೆ ಅಂದ್ರೆ ಅಷ್ಟೇ. ನೀರು ಇದ್ದಲ್ಲೇ ಎದ್ದು ಕೂತು ಮಾಡುತ್ತೆ. ಹೊತ್ಕೊಂಡು ಹೋಗೋದು ಅಲೆ ಅಲ್ಲ, ಹರಿವು."

"ಹರಿವು ಅಂದ್ರೆ?"

ನಾಳೆ ಹೇಳುತ್ತೇನೆ ಎಂದು ಎದ್ದು ಬಂದೆ.

ಮಾರ್ಚ್ 4

ಉಬ್ಬರ 5.03, 1.40 ಮೀ.

ಅವಳು ಮರೆತಿರಲಿಲ್ಲ. ಕತ್ತರಿಸಿಟ್ಟ ದುಂಡನೆಯ ರಟ್ಟೊಂದು ಮೇಜಿನ ಮೇಲಿತ್ತು. "ಇದರ ಮೇಲೆ ಚಾಕ್‌ನಲ್ಲಿ ನೆಟ್ಟಗೆ ಗೆರೆ ಎಳಿ," ಎಂದು ಹೇಳಿ, ಅವಳು ಎಳೆಯುತ್ತಿದ್ದಾಗ ರಟ್ಟನ್ನು ಮೆಲ್ಲಗೆ ತಿರುಗಿಸಿದೆ. ಗೆರೆ ಬಾಗಿ ಅಂಚಿಗೆ ಹೋಯಿತು. ಅವಳು ಹದಿನಾಲ್ಕು ವರ್ಷದಿಂದ ಗೆರೆ ಎಳೆಯುವವಳು, ಅವಮಾನವಾದಂತೆ ನನ್ನ ಮುಖ ನೋಡಿದಳು. ಭೂಮಿ ತಿರುಗುತ್ತಿರುತ್ತದೆ, ಗಾಳಿ ನೀರನ್ನು ನೆಟ್ಟಗೆ ತಳ್ಳಿದರೂ ನೀರು ಓರೆಯಾಗಿ ಹೋಗುತ್ತದೆ, ಹಾಗೆ ಹೋಗಿ ಹೋಗಿ ಸಮುದ್ರದಲ್ಲಿ ದೊಡ್ಡ ದೊಡ್ಡ ಸುತ್ತುಗಳಾಗುತ್ತವೆ ಎಂದೆ.

"ಹಾಗಾದ್ರೆ ನೀರಿನದ್ದೂ ತಪ್ಪಲ್ಲ, ಗಾಳೀದೂ ತಪ್ಪಲ್ಲ," ಎಂದಳು.

ಯಾರ ತಪ್ಪೂ ಅಲ್ಲ ಎಂದು ಹೇಳಬಹುದಿತ್ತು. ಹಾಲು ಉಕ್ಕುತ್ತದೆ ಎಂದು ಒಳಗೆ ಬಂದೆ. ಒಲೆಯ ಮೇಲೆ ಹಾಲಿರಲಿಲ್ಲ.

ಮಾರ್ಚ್ 9

ಉಬ್ಬರ 8.52, 1.60 ಮೀ. ತಾಪ 28.

ಊರೆಲ್ಲ ಮೀಸೆಯ ಮೇಲೆ ಕೆಂಡ ಕಾರುತ್ತಿದೆ. ಮೀಸೆ ಎಂದರೆ ಬೋಯಾ ದೋಣಿ ನಡೆಸುವವರು. ನಲವತ್ತು ನಿಮಿಷ ಹಿಂದಿರುಗಿ ನೋಡದವನು ಎಂಥ ಚಾಲಕ ಎಂದು ಅಂಗಡಿಗಳಲ್ಲಿ ಮಾತು. ಅವರು ಮೀಸೆ ಬೋಳಿಸಿಕೊಂಡಿದ್ದಾರೆ, ಆದರೂ ಎಲ್ಲರೂ ಮೀಸೆ ಎಂದೇ ಕರೆಯುತ್ತಾರೆ. ಇವತ್ತು ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತು, "ನನ್ನಿಂದ ಆಯ್ತು ತಾಯಿ," ಎಂದರು. ವಾರಗಿತ್ತಿ ಅವರನ್ನು ಕಂಡರೆ ಮುಖ ತಿರುಗಿಸುತ್ತಾಳಂತೆ.

ನಲವತ್ತು ನಿಮಿಷ ಅವರದು. ನಾಲ್ಕು ಗಂಟೆ ನನ್ನದು. ನಾನು ಕೂತ್ಕೊಳ್ಳಿ ಎಂದೆ. ಅವರು ಕೂರಲಿಲ್ಲ.

ಸಂಜೆ ಅವಳಿಗೆ ಆಳದ ನೀರಿನ ಪಾಠ. ಒಂದು ಗಾಜಿನ ಜಾಡಿಯಲ್ಲಿ ಉಗುರುಬೆಚ್ಚಗಿನ ನೀರು. ಲೋಟದಲ್ಲಿ ಐಸು, ಉಪ್ಪು, ಬಟ್ಟೆಗೆ ಹಾಕುವ ನೀಲಿ ಕಲಸಿ, ಜಾಡಿಯ ಒಳ ಅಂಚಿನಲ್ಲಿ ಮೆಲ್ಲಗೆ ಸುರಿದೆ. ನೀಲಿ ನೀರು ತಳಕ್ಕೆ ಜಾರಿ, ಅಲ್ಲಿಂದ ಆಚೆ ಅಂಚಿನವರೆಗೆ ತೆವಳಿತು. ಇವರು, ಅಂದರೆ ನನ್ನ ಗಂಡ, ಪತ್ರಿಕೆ ಮಡಚಿಟ್ಟು ಬಂದು ನೋಡಿದರು. ತಮ್ಮ ಹೋದ ಮೇಲೆ ಅವರು ಎದ್ದು ಬಂದು ಏನನ್ನಾದರೂ ನೋಡಿದ್ದು ಇದೇ ಮೊದಲು.

"ತಣ್ಣಗಿನ ಉಪ್ಪು ನೀರು ಭಾರ. ದೂರದ ಹಿಮದ ಕಡೆ ಮುಳುಗಿದ್ದು ತಳದಲ್ಲೇ ಹರೀತಾ ಹರೀತಾ ಮತ್ತೆ ಮೇಲೆ ಬರೋಕೆ ಸಾವಿರ ವರ್ಷವಾಗುತ್ತೆ," ಎಂದೆ.

"ಸಾವಿರ ವರ್ಷ ಆದ್ರೂ ಬರುತ್ತಲ್ಲ," ಎಂದಳು ಅವಳು. ಇವರು ಎದ್ದು ಹೊರಗೆ ಹೋದರು.

ಮಲಗುವ ಮೊದಲು ಅವಳು ಒಂದು ಮಾತು ಕೇಳಿದಳು. ಹಿಂದೆಲ್ಲ ಹರಿವು ತಿಳಿಯಲು ನಂಬರು ಬರೆದ ಮರದ ಹಲಗೆಗಳನ್ನು ನೀರಿಗೆ ಬಿಡುತ್ತಿದ್ದರು, ಸಿಕ್ಕವರು ಅಂಚೆಯಲ್ಲಿ ಕಳುಹಿಸುತ್ತಿದ್ದರು ಎಂದು ನಾನೇ ಯಾವಾಗಲೋ ಹೇಳಿದ್ದೆನಂತೆ. ಅವರು ಬಿದ್ದ ಜಾಗದಲ್ಲಿ ನಾವೂ ಹಾಗೆ ಬಿಡೋಣವೇ, ಅವರು ಎಲ್ಲಿಗೆ ಹೋದರೆಂದು ಅಷ್ಟಾದರೂ ಗೊತ್ತಾಗುತ್ತದೆ ಎಂದಳು.

ಹೂಂ ಎಂದೆ.

ಮಾರ್ಚ್ 12

ಉಬ್ಬರ 11.23, 1.72 ಮೀ. ತಾಪ 28.

ಅರವತ್ತು ಹಲಗೆ ತಯಾರಾಗಿವೆ. ಬಡಗಿಯ ಅಂಗಡಿಯ ಚೂರುಗಳು, ಅಂಗೈಯಗಲ. ಕಿತ್ತಳೆ ಬಣ್ಣ ಬಳಿದು, ನಂಬರು, ನಮ್ಮ ವಿಳಾಸ, 'ಎಲ್ಲಿ, ಎಂದು ಸಿಕ್ಕಿತು ಎಂದು ಬರೆದು ಕಳುಹಿಸಿ' ಎಂದು ಬರೆದದ್ದು ಅವಳು. ಕಿತ್ತಳೆ ಯಾಕೆ ಎಂದು ಇವರು ಕೇಳಿದರು. "ಅವರ ಲೈಫ್ ಜಾಕೆಟ್ ಇದೇ ಬಣ್ಣ," ಎಂದಳು. ಅದರ ಎಡಭುಜದ ಪಟ್ಟಿ ಹರಿದಿತ್ತು, ಕಿತ್ತಳೆ ದಾರ ಸಿಗದೆ ಹಸಿರು ದಾರದಲ್ಲಿ ಹೊಲಿದುಕೊಟ್ಟಿದ್ದಳು. ಗಿಳಿ ಬಂದು ಕೂತ ಹಾಗಿದೆ ಎಂದು ಅವನು ಕಚೇರಿಯಲ್ಲೆಲ್ಲ ತೋರಿಸಿಕೊಂಡು ಓಡಾಡಿದ್ದ. ನನ್ನ ಮೇಜಿನ ಹತ್ತಿರವೂ ಬಂದಿದ್ದ. ಕೆಲಸ ನೋಡು ಹೋಗು ಎಂದು ಗದರಿದ್ದೆ.

ದಿನ ಆರಿಸುವುದು ನನ್ನ ಕೆಲಸ. ಅವನು ಬಿದ್ದ ದಿನದಂಥದ್ದೇ ಉಬ್ಬರ ನಾಡಿದ್ದು ಹದಿನಾಲ್ಕಕ್ಕೆ ಬರುತ್ತದೆ. ಆದರೆ ನಾಡಿದ್ದು ದಕ್ಷಿಣದಿಂದ ಜೋರು ಗಾಳಿ ಎಂದು ಮುನ್ಸೂಚನೆಯಿದೆ. ಹಲಗೆ ಹಗುರ, ಅಂಥ ಗಾಳಿ ಇದ್ದರೆ ಅರವತ್ತೂ ದೀಪಸ್ತಂಭದ ಕಡೆಗೇ ಹೋಗುತ್ತವೆ. ದೋಣಿಗಳು ಹುಡುಕಿದ ಕಡೆಗೇ. ಆಮೇಲೆ ಯಾರೂ ಏನೂ ಕೇಳುವುದಿಲ್ಲ.

ನಾಡಿದ್ದು ಆಗಬಹುದಾ ಎಂದು ಅವಳು ಎರಡು ಸಲ ಕೇಳಿದಳು. ನೋಡಿ ಹೇಳುತ್ತೇನೆ ಎಂದೆ.

ಮಾರ್ಚ್ 13

ನಾಡಿದ್ದು ಎಂದರೆ ನಾಳೆ. ನಾಳೆ ಬೇಡ, ಗಾಳಿ ಬೇರೆ ಇದೆ, ಏಪ್ರಿಲ್ ಹನ್ನೆರಡು ಹದಿಮೂರಕ್ಕೆ ಮತ್ತೆ ಅದೇ ಉಬ್ಬರ ಬರುತ್ತದೆ, ಗಾಳಿ ಸರಿಯಿದ್ದರೆ ಆಗ ಹೋಗೋಣ ಎಂದುಬಿಟ್ಟೆ. ಯಾಕೆ ಹಾಗೆಂದೆನೋ. ಅವಳ ಮುಖ ಸಪ್ಪಗಾಯಿತು. "ನೀವು ಹೇಳಿದ ಮೇಲೆ ಮುಗೀತು," ಎಂದು ಹಲಗೆಗಳನ್ನು ಚೀಲಕ್ಕೆ ತುಂಬಿಟ್ಟಳು.

ಉಬ್ಬರ ಬರೆಯಲು ಮರೆತೆ. 12.14, 1.74 ಮೀ.

ಮಾರ್ಚ್ 14

ಉಬ್ಬರ 1.04. ಮುನ್ಸೂಚನೆಯಂತೆಯೇ ಗಾಳಿ ಬಂತು. ಕಚೇರಿಯ ಕಿಟಕಿಯಿಂದ ಇಡೀ ಮಧ್ಯಾಹ್ನ ನೋಡಿದೆ. ಒಂದು ಪ್ಲಾಸ್ಟಿಕ್ ಕ್ಯಾನು ಸೀದಾ ದೀಪಸ್ತಂಭದ ಕಡೆ ಹೋಯಿತು.

ಮಾರ್ಚ್ 27

ಇವತ್ತು ಅವಳಿಗೆ ದಿಕ್ಕುಗಳ ಹೆಸರಿನ ಪಾಠ ಹೇಳಿದೆ. ಅವಳು ಕೇಳಿರಲಿಲ್ಲ. ಮಾತಿಗೆ ಮಾತು ಬಂತು, ಅಷ್ಟೇ. ಪಡುಗಾಳಿ ಎಂದರೆ ಪಡುವಣದಿಂದ ಬರುವ ಗಾಳಿ. ನೀರಿನ ಹರಿವು ದಕ್ಷಿಣ ಎಂದರೆ ದಕ್ಷಿಣಕ್ಕೆ ಹೋಗುವ ನೀರು.

ಅವಳು ಸೂಜಿಗೆ ದಾರ ಪೋಣಿಸುತ್ತ ಯೋಚಿಸಿ, "ಹಾಗಂದ್ರೆ ಗಾಳಿಗೆ ತವರಿನ ಹೆಸರು, ನೀರಿಗೆ ಗಂಡನ ಮನೆ ಹೆಸರು," ಎಂದಳು.

ನನಗೆ ನಗು ಬಂತು. ಅವಳೂ ನಕ್ಕಳು. ನಗುತ್ತಿದ್ದವಳು ಹಾಗೇ ಅತ್ತಳು. ನಾನು ಪಕ್ಕದಲ್ಲಿ ಕೂತು ನೂಲಿನ ಉಂಡೆ ಸುತ್ತಿದೆ.

ಆಮೇಲೆ, "ನಕ್ಷೆ ಮೇಲೆ ಗಾಳಿಯನ್ನ ತಿರುಗಿಸಿ ಬಾಣ ಎಳೀಬೇಕು, ನೀರನ್ನ ತಿರುಗಿಸಬಾರದು. ನೆನಪಿಟ್ಕೋ," ಎಂದೆ. ಹೊಲಿಗೆಯವಳಿಗೆ ಇದು ಯಾಕೆ ನೆನಪಿರಬೇಕು ಎಂದು ಅವಳು ಕೇಳಲಿಲ್ಲ.

ಏಪ್ರಿಲ್ 12

ಗಾಳಿ ಸರಿಯಿರಲಿಲ್ಲ. ಅವಳು ಬೆಳಿಗ್ಗೆಯಿಂದ ಚೀಲವನ್ನು ಬಾಗಿಲ ಬಳಿ ಇಟ್ಟುಕೊಂಡು ಕೂತಿದ್ದಳು. ನಾಳೆ ನೋಡೋಣ ಎಂದೆ. ನನಗೆ ಹೆದರಿಕೆಯಾಗುತ್ತಿದೆ. ಹೆದರಿಕೆ ಎಂದು ಬರೆದದ್ದು ಸರಿಯಾಗಿದೆಯೇ ಎಂದು ಮತ್ತೆ ಓದಿದೆ. ಸರಿಯಾಗಿಯೇ ಇದೆ.

ಏಪ್ರಿಲ್ 13

ಇವತ್ತು ಗಾಳಿ ಪಶ್ಚಿಮದಿಂದ, ಹಗುರ, ಆ ದಿನ ಇದ್ದಷ್ಟೇ. ಉಬ್ಬರ ಮುಗಿದು ಒಂದೂವರೆ ಗಂಟೆಗೆ, ಅಂದರೆ ಮೂರಕ್ಕೆ, ಕೊನೆಯ ಬೋಯಾದ ಹತ್ತಿರ ಇದ್ದೆವು. ದೋಣಿ ನಡೆಸಿದವರು ಮೀಸೆ. ಬೇರೆ ಯಾರನ್ನಾದರೂ ಕೇಳೋಣ ಎಂದು ಅವಳು ಹೇಳಿದ್ದಳು, ಜಾಗ ಗೊತ್ತಿರುವುದು ಅವರೊಬ್ಬರಿಗೇ ಎಂದು ನಾನೇ ಒಪ್ಪಿಸಿದ್ದೆ. ಅವಳು ಅವರಿಗೆ ಬೆನ್ನು ಹಾಕಿಕೊಂಡು ಕೂತಿದ್ದಳು. ಮೀಸೆ ಎಂಜಿನ್ ನಿಲ್ಲಿಸಿದರು.

ಅವಳು ಹಲಗೆಗಳನ್ನು ಒಂದೊಂದಾಗಿ ನೀರಿಗೆ ಇಟ್ಟಳು. ಎಸೆಯಲಿಲ್ಲ, ಬಾಗಿ ಇಟ್ಟಳು. ಮೊದಲು ಅವು ಅಲ್ಲಲ್ಲೇ ಕುಣಿದವು. ಆಮೇಲೆ ಸಾಲು ಹಿಡಿದು ಹೊರಟವು. ಮೂವತ್ತು ನಲವತ್ತು ಬಿಡುವಷ್ಟರಲ್ಲಿ ಸಾಲು ಎಷ್ಟು ಸ್ಪಷ್ಟವಾಗಿತ್ತೆಂದರೆ ಕಣ್ಣು ಮುಚ್ಚಿದವರಿಗೂ ಕಾಣುವಂತಿತ್ತು.

"ಅಕ್ಕ, ಆ ದಿನ ದೋಣಿಗಳು ಯಾವ ಕಡೆ ಹುಡುಕಿದ್ವು?"

ಕೈಯೆತ್ತಿ ದೀಪಸ್ತಂಭ ತೋರಿಸಿದೆ.

"ಇವು ಉಪ್ಪಿನ ಗದ್ದೆ ಕಡೆ ಹೋಗ್ತಿವೆ."

"ಹೌದು."

ಅವಳು ಬಾಗಿ ಇನ್ನೊಂದು ಹಲಗೆ ನೀರಿಗಿಟ್ಟಳು. ಆಮೇಲೆ, "ನೀರು ದಿನಾ ಒಂದೇ ಥರ ಇರಲ್ಲ, ಅಲ್ವಾ ಅಕ್ಕ? ಆ ದಿನ ಬೇರೆ ಥರ ಇದ್ದಿರಬಹುದು," ಎಂದಳು.

ಹೂಂ ಎಂದರೆ ಸಾಕಿತ್ತು. ಬಾಗಿಲು ತೆರೆದು ಅವಳೇ ಪಕ್ಕಕ್ಕೆ ನಿಂತಿದ್ದಳು.

"ಇವತ್ತು ಆ ದಿನದ ಥರಾನೇ ಇದೆ," ಎಂದೆ. "ಅದಕ್ಕೇ ಇಷ್ಟು ದಿನ ಕಾಯಿಸಿದ್ದು. ನೀರಿನ ಬಾಣ ತಿರುಗಿಸಿ ಎಳೆದೆ ಕಣೇ. ಗಾಳಿ ತಿರುಗಿಸಿದ ಹಾಗೆ ಅದನ್ನೂ ತಿರುಗಿಸಿಬಿಟ್ಟೆ. ದೋಣಿಗಳು ಆ ಕಡೆ ಹೋಗಿದ್ದು ನಾನು ಹೇಳಿದ್ದಕ್ಕೆ. ಆಮೇಲೆ ಹರಿವು ತಿರುಗಿತು ಅಂತ ಸುಳ್ಳು ಬರೆದೆ."

ಮೀಸೆಗೂ ಕೇಳಿಸಿತು. ಅವರು ಕೈಯಲ್ಲಿದ್ದ ಹಗ್ಗವನ್ನೇ ನೋಡುತ್ತಿದ್ದರು.

ಅವಳ ಮಡಿಲಲ್ಲಿ ಇನ್ನೂ ಹನ್ನೊಂದು ಹಲಗೆಗಳಿದ್ದವು. ಐವತ್ತು, ಐವತ್ತೊಂದು ಎಂದು ನಂಬರು ಓದುತ್ತ ಒಂದೊಂದನ್ನೂ ನೀರಿಗಿಟ್ಟಳು. ಅರವತ್ತು ಮುಗಿದ ಮೇಲೆ ಕೈ ಒರೆಸಿಕೊಂಡು, "ಹೋಗೋಣ ಅಣ್ಣ," ಎಂದಳು. ಮೀಸೆಗೆ ಹೇಳಿದ್ದು. ನನ್ನ ಕಡೆ ನೋಡಲಿಲ್ಲ.

ಏಪ್ರಿಲ್ 14

ಊಟ ಮಾಡಿದೆ. ಉಪ್ಪು ಹಾಕಿದ್ದೆನೋ ಇಲ್ಲವೋ ಗೊತ್ತಿಲ್ಲ.

ಏಪ್ರಿಲ್ 17

ಇವರಿಗೆ ಅವಳೇ ಹೇಳಿದ್ದಾಳೆ. ನಾನು ಹೇಳಬೇಕಿತ್ತು, ಅದನ್ನೂ ಅವಳಿಗೇ ಬಿಟ್ಟೆ. ಇವರು ಬೈಯಲಿಲ್ಲ. ಬೈದಿದ್ದರೆ ಏನಾದರೂ ಒಂದು ಆಗುತ್ತಿತ್ತು. ಹಾಸಿಗೆ ಸುತ್ತಿಕೊಂಡು ಹೊರಗಿನ ಕೋಣೆಗೆ ಹೋದರು. ಬಾಗಿಲ ಬಳಿ ನಿಂತು, "ಅವನಿಗೆ ಈಜು ಕಲಿಸಿದ್ದು ನಾನು," ಎಂದರು. ನನಗೆ ಹೇಳಿದರೋ ಬಾಗಿಲಿಗೆ ಹೇಳಿದರೋ.

ಅವಳು ಬೇಕಾದಷ್ಟು ಮಾತ್ರ ಮಾತಾಡುತ್ತಾಳೆ. ಗ್ಯಾಸ್ ಮುಗಿದಿದೆ, ನೀರು ಬಂದಿದೆ. ನನ್ನನ್ನು ಏನೆಂದೂ ಕರೆಯುವುದಿಲ್ಲ.

ಏಪ್ರಿಲ್ 22

ಅಂಚೆಯವನು ಮೊದಲ ಹಲಗೆ ತಂದ. ನಂಬರು ಹದಿನಾಲ್ಕು. ದಕ್ಷಿಣದ ಒಂದು ಶಾಲೆಯ ಮಾಸ್ತರರು ಮುತ್ತಿನಂಥ ಅಕ್ಷರದಲ್ಲಿ ತಾರೀಖು, ಗಂಟೆ, ಜಾಗ ಎಲ್ಲ ಬರೆದಿದ್ದಾರೆ. ಅವಳ ಕೋಣೆಯ ಹೊಸ್ತಿಲ ಮೇಲಿಟ್ಟು ಬಂದೆ. ಮಧ್ಯಾಹ್ನ ನೋಡಿದಾಗ ಹಲಗೆ ಇರಲಿಲ್ಲ. ಅವಳ ಗೋಡೆಗೆ ಹೊಸದಾಗಿ ಅಂಟಿಸಿದ ಕರಾವಳಿಯ ನಕ್ಷೆಯಲ್ಲಿ ಒಂದು ಗುಂಡುಸೂಜಿ ಚುಚ್ಚಿತ್ತು.

ಏಪ್ರಿಲ್ 29

ಏಳು ಹಲಗೆ, ಏಳು ಗುಂಡುಸೂಜಿ. ಎಲ್ಲವೂ ದಕ್ಷಿಣಕ್ಕೇ.

ಇವತ್ತು ದೊಡ್ಡ ಸಾಹೇಬರ ಮುಂದೆ ತಿದ್ದಿದ ವರದಿ ಇಟ್ಟೆ. ಜೊತೆಗೆ ರಿಜಿಸ್ಟರ್ ತೆರೆದಿಟ್ಟೆ. ಅವರು ಓದಿ, ಕನ್ನಡಕ ತೆಗೆದು, "ಮುಚ್ಚಿಹೋಗಿದ್ದನ್ನ ಈಗ ಯಾಕಮ್ಮ ಕೆದಕ್ತೀರಿ? ನಿವೃತ್ತಿಗೆ ಎರಡು ವರ್ಷ ಇದೆ ನಿಮಗೆ," ಎಂದರು.

"ಊರಿನವರು ಮೀಸೆಯನ್ನ ಬೈತಿದ್ದಾರೆ ಸಾರ್."

"ಬೈದವರು ನಾಲ್ಕು ದಿನಕ್ಕೆ ಮರೀತಾರೆ."

ನಾನು ಕಾಗದ ವಾಪಸು ತೆಗೆದುಕೊಳ್ಳಲಿಲ್ಲ. ವಿಚಾರಣೆ ಆಗುವವರೆಗೆ ಗೆರೆ ಎಳೆಯುವ ಕೆಲಸದಿಂದ ನನ್ನನ್ನು ಬಿಡಿಸಿದ್ದಾರೆ. ಏನು ಕೇಳಿದರೂ ಆಮೇಲೆ ಎನ್ನುವುದರಿಂದ ನಮ್ಮ ಗುಮಾಸ್ತರಿಗೆ 'ಆಮೇಲೆ' ಎಂದೇ ಹೆಸರು. ಹೊಸ ನಮೂನೆಯಲ್ಲಿ ನೀರಿನ ಅಂಕಿಯ ಪಕ್ಕ 'ತಿರುಗಿಸಬಾರದು' ಎಂದು ಕೆಂಪಕ್ಷರದಲ್ಲಿ ಅಚ್ಚು ಹಾಕಿಸಿ ಎಂದು ಅವರನ್ನು ಕೇಳಿದೆ. ಆಮೇಲೆ ಎನ್ನಲಿಲ್ಲ. ಸಂಜೆಯೊಳಗೆ ಹಾಕಿಸಿದರು.

ಮೇ 6

ಹಲಗೆ ಮೂವತ್ತೇಳು. ಜೊತೆಗೆ ಒಂದು ಕಾಗದ, ಸುಣ್ಣದ ಗೂಡಿಗೆ ಚಿಪ್ಪು ಆಯುವ ಹೆಂಗಸೊಬ್ಬಳು ಯಾರಿಂದಲೋ ಬರೆಸಿದ್ದು. ಇಲ್ಲಿಂದ ನಲವತ್ತಾರು ಕಿಲೋಮೀಟರ್ ದಕ್ಷಿಣಕ್ಕೆ ಕಲ್ಲುಬಂಡೆಗಳ ಒಂದು ಸಣ್ಣ ಕೊಲ್ಲಿಯಿದೆ, ನೀರು ಹೊತ್ತು ತಂದದ್ದೆಲ್ಲ ಅಲ್ಲಿ ಬಂದು ಬೀಳುತ್ತದೆ. ಹಲಗೆ ಸಿಕ್ಕಿದ್ದು ಅಲ್ಲಿ. 'ಫೆಬ್ರವರಿ ಕೊನೆಗೆ ಇದೇ ಬಣ್ಣದ ಜಾಕೆಟ್ಟು ಇದೇ ಜಾಗದಲ್ಲಿ ಸಿಕ್ಕಿತ್ತು. ಯಾರದೆಂದು ಗೊತ್ತಾಗದೆ ಇಟ್ಟುಕೊಂಡಿದ್ದೇನೆ. ಎಡಗಡೆ ಹಸಿರು ದಾರದ ಹೊಲಿಗೆಯಿದೆ. ನಿಮ್ಮದಾದರೆ ಬಂದು ತೆಗೆದುಕೊಂಡು ಹೋಗಿ.'

ಹೊಸ್ತಿಲ ಮೇಲೆ ಇಡಲಾಗಲಿಲ್ಲ. ಒಳಗೆ ಹೋಗಿ ಅವಳ ಕೈಗೇ ಕೊಟ್ಟೆ. ಅವಳು ಓದಿದಳು. ಯಂತ್ರದ ಗಾಲಿಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ನಾನು ನಿಂತೇ ಇದ್ದೆ.

"ಅವತ್ತು ಸರಿಯಾಗಿ ಹೇಳಿದ್ದಿದ್ರೆ ಸಿಗ್ತಿದ್ರಾ?"

ಎಂಬತ್ತಮೂರು ದಿನದಿಂದ ಈ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇದೆ.

"ದೋಣಿಗಳು ಬೋಯಾ ಹತ್ತಿರ ಮೂರು ಇಪ್ಪತ್ತಕ್ಕೆ ತಲುಪಿದ್ವು," ಎಂದೆ. "ಆಗ ಅವನು ಅಲ್ಲಿಂದ ಒಂದೂಕಾಲು ಕಿಲೋಮೀಟರ್ ದಕ್ಷಿಣಕ್ಕಿದ್ದ. ಬೆಳಕಿತ್ತು. ಜಾಕೆಟ್ ಹಾಕ್ಕೊಂಡಿದ್ದ. ಸಿಗ್ತಿದ್ದ."

ಅವಳು ತಲೆಯಾಡಿಸಿದಳು. ಕಾಗದವನ್ನು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದಳು.

"ನಾಡಿದ್ದು ಬೆಳಿಗ್ಗೆ ಬಸ್ಸಿದೆ. ನೀವೂ ಬನ್ನಿ," ಎಂದಳು. ಯಾಕೆಂದು ನಾನು ಕೇಳಲಿಲ್ಲ.

ಮೇ 8

ಎರಡು ಬಸ್ಸು ಬದಲಾಯಿಸಿ, ಕೊನೆಗೆ ಒಂದು ಮೈಲಿ ನಡೆದೆವು. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ, ನಾನು ಇತ್ತ ಕಡೆ. ನಡುವೆ ಅವಳ ಚೀಲ.

ಚಿಪ್ಪು ಆಯುವ ಹೆಂಗಸಿನ ಮನೆಯ ಗೂಟದಲ್ಲಿ ಜಾಕೆಟ್ ನೇತಾಡುತ್ತಿತ್ತು. ಬಿಸಿಲಿಗೆ ಬಣ್ಣ ಹೋಗಿದೆ. ಬಲಗಡೆಯ ಪಟ್ಟಿ, ಕೊಂಡಾಗ ಇದ್ದ ಹೊಲಿಗೆ ಬಿಚ್ಚಿ, ಕಿತ್ತುಹೋಗಿದೆ. ಎಡಗಡೆಯ ಹಸಿರು ಹೊಲಿಗೆ ಒಂದೆಳೆಯೂ ಬಿಚ್ಚಿಲ್ಲ. ಅವಳು ಅದನ್ನು ಬೆರಳಲ್ಲಿ ಎಳೆದು ನೋಡಿದಳು. ಹೊಲಿದುಕೊಟ್ಟ ಬಟ್ಟೆಯನ್ನು ಗಿರಾಕಿಗೆ ಕೊಡುವ ಮುಂಚೆ ಎಳೆದು ನೋಡುತ್ತಾಳಲ್ಲ, ಹಾಗೇ. ಆ ಹೆಂಗಸು ನೀರು ಕೊಟ್ಟಳು. ಮತ್ತೇನಾದರೂ ಸಿಕ್ಕಿತ್ತೇ ಎಂದು ನಾನು ಕೇಳಿದೆ. ಇಲ್ಲ ಎಂದಳು.

ಕೊಲ್ಲಿಗೆ ಇಳಿದೆವು. ಹಗ್ಗದ ತುಂಡು, ಬಾಟಲಿ, ಒಂಟಿ ಚಪ್ಪಲಿಗಳು, ಎಲ್ಲಿಯದೋ ಕುರ್ಚಿಯ ಕಾಲು. ಬಂಡೆಯ ಸಂದಿಯಲ್ಲಿ ನಮ್ಮ ಹಲಗೆ ಇನ್ನೂ ಎರಡು ಸಿಕ್ಕವು, ನಲವತ್ತೊಂಬತ್ತು ಮತ್ತು ಅರವತ್ತು. ಅವಳು ಒರೆಸಿ ಚೀಲಕ್ಕೆ ಹಾಕಿಕೊಂಡಳು. ಜಾಕೆಟ್ ಮಡಿಲಲ್ಲಿಟ್ಟುಕೊಂಡು ಒಂದು ಕಲ್ಲಿನ ಮೇಲೆ ಕೂತಳು. ನಾನು ಸ್ವಲ್ಪ ದೂರದಲ್ಲಿ ನಿಂತೆ. ಹತ್ತಿರ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಎನ್ನಲಿಲ್ಲ. ಗಿಳಿ ಬಂದು ಕೂತ ಹಾಗಿದೆ ಎಂದು ಅವನು ನನ್ನ ಮೇಜಿನ ಮುಂದೆ ನಿಂತು ಭುಜ ತೋರಿಸಿದ್ದು ನೆನಪಾಯಿತು. ಆಮೇಲೆ ನನಗೆ ಏನೂ ಸರಿಯಾಗಿ ಕಾಣಲಿಲ್ಲ, ಸೆರಗು ಒದ್ದೆಯಾಗಿತ್ತು. ತುಂಬ ಹೊತ್ತು ಹಾಗೇ ಇದ್ದೆನೆಂದು ಕಾಣುತ್ತದೆ, ಬಿಸಿಲು ಬಂಡೆಯ ಆಚೆಗೆ ಹೋಗಿತ್ತು.

"ಈಗ ನೀರು ಯಾವ ಕಡೆ ಹೋಗ್ತಿದೆ?" ಎಂದು ಅವಳು ಕೇಳಿದಳು.

ನೋಡಿದೊಡನೆ ಹೇಳಬಹುದಿತ್ತು, ಇಪ್ಪತ್ತೇಳು ವರ್ಷ ಅದನ್ನೇ ಮಾಡಿದ್ದೇನೆ. ಕೆಳಗೆ ಬಿದ್ದಿದ್ದ ಒಣ ಕಡ್ಡಿಯೊಂದನ್ನು ತೆಗೆದುಕೊಂಡು ಬಂಡೆಯ ಅಂಚಿಗೆ ಹೋಗಿ ನೀರಿಗೆ ಬಿಟ್ಟೆ. ಅದು ಎರಡು ಸುತ್ತು ಸುತ್ತಿ, ಅಂಚು ಬಿಟ್ಟು ಹೊರಟಿತು.

"ಆ ಕಡೆ," ಎಂದು ಕೈ ಮಾಡಿ ತೋರಿಸಿದೆ.

ಅವಳು ನನ್ನ ಕೈ ನೋಡಲಿಲ್ಲ. ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತು ಕಡ್ಡಿಯನ್ನೇ ನೋಡಿದಳು. ಅದು ಕೊಲ್ಲಿಯ ಬಾಯಿ ದಾಟಿ, ಬೆಳಕಿನಲ್ಲಿ ಒಂದು ಗೀಟಿನಷ್ಟಾಗುವವರೆಗೆ ನೋಡಿದಳು.

"ಹೌದಕ್ಕ," ಎಂದಳು.